ಅಂಗಿ ಬದಲಿಸಿದ ಮೇಲೂ ಪೊಲೀಸ

ಅಧ್ಯಕ್ಷತೆ ವಹಿಸಿರುವ ಸಾಹೇಬರೇ, ವೇದಿಕೆಯ ಮೇಲಿನ ಗಣ್ಯರೇ, ಬಂದೋಬಸ್ತು ಮುಗಿಸಿ ನೇರವಾಗಿ ಇಲ್ಲಿಗೇ ಬಂದು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಸಿಬ್ಬಂದಿ ಮಿತ್ರರೇ, ಹಾಗೂ ಎಲ್ಲ ಸಭಿಕರೇ,

ಇಲ್ಲಿಯವರೆಗೆ ಮಾತಾಡಿದ ಐದು ಜನರೂ 'ನಾಗರತ್ನಾ ಮೇಡಂ ಬಹಳ ಕಟ್ಟುನಿಟ್ಟು' ಎಂದರು. ಅದು ಹೊಗಳಿಕೆಯೋ ದೂರೋ, ಹಾರ ಹಾಕಿಸಿಕೊಂಡ ಮೇಲೆ ಕೇಳಬಾರದು. ಇವತ್ತು ನಿವೃತ್ತಳಾಗುವವರೆಗೆ ಮೂವತ್ತಾರು ವರ್ಷ ಈ ಪೊಲೀಸ್ ಕಚೇರಿಯ ಗುಮಾಸ್ತಳಾಗಿ ನಾನು ನೋಡಿದ್ದು ಒಂದೇ ಬಗೆಯ ಕಡತ. ಸೇವೆಯಲ್ಲಿದ್ದಾಗ ತೀರಿಕೊಂಡ ಪೊಲೀಸರ ಮನೆಯವರಿಗೆ ಸಲ್ಲಬೇಕಾದ ಪರಿಹಾರ, ಪಿಂಚಣಿ, ಅನುಕಂಪದ ನೌಕರಿ. ನನ್ನ ಟೇಬಲ್ಲಿಗೆ ಯಾರೂ ಪೇಢೆ ಹಿಡಿದುಕೊಂಡು ಬರಲಿಲ್ಲ.

ಕಟ್ಟುನಿಟ್ಟು ಒಳ್ಳೆಯದೇ? ಒಂದು ಕಡತದ ಕತೆ ಹೇಳುತ್ತೇನೆ.

ಮೌನೇಶ ಎಂಬ ಕಾನ್‌ಸ್ಟೇಬಲ್ ಇದ್ದ. ಕೊಡೇಕಲ್ಲಿನವನು. ಆ ವರ್ಷ ನಾರಾಯಣಪುರ ಅಣೆಕಟ್ಟಿನ ಗೇಟುಗಳನ್ನೆಲ್ಲ ತೆರೆದು ಹೊಳೆಗೆ ನೀರು ಬಿಟ್ಟಿದ್ದರು. ಮೌನೇಶ ಬೆಳಗಿನ ಎಂಟಕ್ಕೆ ಪಾಳಿ ಮುಗಿಸಿ, ಠಾಣೆಯ ಪುಸ್ತಕದಲ್ಲಿ ಸಹಿ ಮಾಡಿ, ಸಮವಸ್ತ್ರ ಕಳಚಿ, ಬಣ್ಣದ ಅಂಗಿ ತೊಟ್ಟು ಮನೆಯ ಕಡೆ ಬೈಕು ಬಿಟ್ಟ. ದಾರಿಯಲ್ಲಿ ಹೊಳೆದಂಡೆಗೆ ಜನ ಸೇರಿತ್ತು. ನಡುಗಡ್ಡೆಯಲ್ಲಿ ಕುರಿಹಿಂಡಿನೊಂದಿಗೆ ಇಬ್ಬರು ಕುರುಬರು ಸಿಕ್ಕಿಕೊಂಡಿದ್ದರು. ದೋಣಿ ಬರುವುದು ತಡವಿತ್ತು, ನೀರು ಏರುವುದು ತಡವಿರಲಿಲ್ಲ. ಮೌನೇಶ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಿ ಹೋಗಿ ರಂಗಣ್ಣ ಎಂಬ ಮುದುಕನನ್ನು ದಂಡೆಗೆ ತಂದ. ಆತನ ತಮ್ಮನಿಗಾಗಿ ಎರಡನೆಯ ಸಲ ಹೋದ. ನಡುನೀರಿನಲ್ಲಿ ಹಗ್ಗ ಹರಿದು ತುಂಡಾಯಿತು. ತಮ್ಮನನ್ನು ಆಮೇಲೆ ದೋಣಿಯವರು ಬದುಕಿಸಿದರು. ಮೌನೇಶ ಸಿಕ್ಕಿದ್ದು ಮೂರನೆಯ ದಿನ.

ಕಡತ ನನ್ನ ಮುಂದೆ ಬಂತು. ನಾನು ಟಿಪ್ಪಣಿ ಬರೆದೆ: 'ಮೃತರು ಕರ್ತವ್ಯದಿಂದ ಬಿಡುಗಡೆ ಹೊಂದಿದ ನಂತರ ಘಟನೆ ನಡೆದಿರುತ್ತದೆ. ಕರ್ತವ್ಯನಿರತ ಮರಣವೆಂದು ಪರಿಗಣಿಸಲು ಬರುವುದಿಲ್ಲ.' ಎರಡು ವಾಕ್ಯ. ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಹದಿನೈದು ದಿನಕ್ಕೆ ಅವನ ಹೆಂಡತಿ ರೇಣಮ್ಮ ಬಂದಳು. ಸೆರಗಿನ ತುದಿಯಲ್ಲಿ ಬಸ್ಸಿನ ಚೀಟಿ ಕಟ್ಟಿಕೊಂಡಿದ್ದಳು. ನಾನು ನಿಯಮ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವಳು ಅಂದಳು: "ಅಕ್ಕಾರ, ಅಂಗಿ ಬದ್ಲಿ ಮಾಡಿದ್ರ ನನ್ನ ಗಂಡ ಪೊಲೀಸ ಅಲ್ಲೇನ್ರಿ?"

"ಪುಸ್ತಕದಾಗ ಸಹಿ ಆಗ್ಯಾದಮ್ಮ," ಎಂದೆ.

"ಹೊಳಿಗಿ ಪುಸ್ತಕ ತೋರ್ಸಿ ಇಳಿಬೇಕಿತ್ತೇನ್ರಿ?"

ನಾನು ಮುಂದಿನ ಕಡತ ತೆಗೆದುಕೊಂಡೆ.

ಸಭಿಕರೇ, ನನಗೆ ಈ ನೌಕರಿ ಬಂದಿದ್ದೂ ಅನುಕಂಪದಿಂದಲೇ. ನಮ್ಮ ಮನೆಯವರು, ಕಾನ್‌ಸ್ಟೇಬಲ್ ಚನ್ನಯ್ಯನವರು, ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಎದೆನೋವಿನಿಂದ ಕುಸಿದರು. 'ಬಂದೋಬಸ್ತಿನಲ್ಲಿದ್ದಾಗ ಮರಣ' ಎಂದು ದಾಖಲಾಯಿತು. ಅವತ್ತು ಅವರಿಗೆ ಬಂದೋಬಸ್ತು ಇದ್ದದ್ದು ಹತ್ತಿ ಮಾರುಕಟ್ಟೆಯಲ್ಲಿ. ಬಸ್ ಸ್ಟ್ಯಾಂಡಿಗೆ ಬಂದದ್ದು ನನಗಾಗಿ. ಜಗಳಾಡಿ ತವರಿಗೆ ಹೊರಟಿದ್ದೆ. ಹೇಳದೆ ಕೇಳದೆ ಜಾಗ ಬಿಟ್ಟು ಓಡಿ ಬಂದು, ಕಿಟಕಿಯ ಸರಳು ಹಿಡಿದು, "ಇಳಿ ರತ್ನಾ, ಮನಿಗಿ ಹೋಗಮು," ಅಂದರು. ನಾನು ಇಳಿಯಲಿಲ್ಲ.

ಠಾಣೆಯ ರೈಟರ್ ಯಂಕಣ್ಣ ಬಂದೋಬಸ್ತಿನ ಪಟ್ಟಿಯಲ್ಲಿ ಬಸ್ ಸ್ಟ್ಯಾಂಡನ್ನೂ ಸೇರಿಸಿ ಬರೆದರು. "ಸಣ್ಣ ಹುಡುಗಿ ಅದೀ ತಂಗಿ, ಸುಮ್ನಿರು," ಎಂದರು. ಸುಮ್ಮನಿದ್ದೆ.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ನನ್ನ ಪಿಂಚಣಿಯ ಕಡತಕ್ಕೆ ಇನ್ನೂ ಸಾಹೇಬರ ಸಹಿಯಾಗಬೇಕಿದೆ ಎಂಬುದೂ ಈಗಷ್ಟೇ ನೆನಪಾಗುತ್ತಿದೆ. ಇರಲಿ. ಅಲ್ಲಿಂದ ಮುಂದೆ ನಾನು ಯಾರ ಕಡತದಲ್ಲೂ ಒಂದು ಗೆರೆ ಸಡಿಲ ಬಿಡಲಿಲ್ಲ. ನಿಯಮದ ಮೇಲಿನ ಭಕ್ತಿ ಎಂದು ಜನ ತಿಳಿದರು. ನಾನೂ ಹಾಗೇ ತಿಳಿದಿದ್ದೆ.

ರೇಣಮ್ಮನ ಮಾತು ನನ್ನನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಪೊಲೀಸ್ ಕಾಯಿದೆಯ ಪುಸ್ತಕ ತೆರೆದು ಕೂತೆ. ಪೊಲೀಸನು ಸದಾ ಕರ್ತವ್ಯದಲ್ಲಿರುವವನೆಂದೇ ಭಾವಿಸತಕ್ಕದ್ದು ಎಂಬ ಮಾತು ಅದರಲ್ಲಿದೆ. ನೂರು ಸಲ ಓದಿದ್ದೆ. ರಜೆ ಕೊಡದಿರುವುದಕ್ಕೆ ಬಳಸುವ ವಾಕ್ಯ ಅದು! ಹೆಂಡತಿ ಮಕ್ಕಳಿಗೆ ಪರಿಹಾರ ಕೊಡುವುದಕ್ಕೂ ಬಳಸಬಹುದೆಂದು ಹೊಳೆದಿರಲಿಲ್ಲ.

ಸಾಹೇಬರ ಅಪ್ಪಣೆ ಪಡೆದು ಇನ್‌ಸ್ಪೆಕ್ಟರರ ಜೊತೆ ರಂಗಣ್ಣನ ಹೇಳಿಕೆ ಪಡೆಯಲು ಹೋದೆ. ಕುರಿದೊಡ್ಡಿಯ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕ ನಮ್ಮನ್ನು ನೋಡಿ ಹೆದರಿದ. ಏನು ನಡೆಯಿತೆಂದು ಕೇಳಿದೆವು.

"ನಾ ಹಗ್ಗ ಹಿಡಿಲಿಲ್ರಿ ಮೊದ್ಲ. ಯಾರೋ ಏನೋ ಅಂತ ಅಂಜಿದ್ನಿ. ಅದಕ್ಕ ಅಂವ, 'ನಾ ಪೊಲೀಸ ಅದೀನೋ ಮುತ್ಯಾ, ಅಂಜಬ್ಯಾಡ, ಹಿಡಿ' ಅಂತ ಒದರಿದ. ಪೊಲೀಸ ಅಂದದ್ದಕ್ಕ ಹಿಡದೆ ನೋಡ್ರಿ."

ಇನ್‌ಸ್ಪೆಕ್ಟರರು ಬರೆದುಕೊಂಡು ಓದಿ ಹೇಳಿದರು. ರಂಗಣ್ಣ ಹೆಬ್ಬೆಟ್ಟು ಒತ್ತಿದ.

ಕಚೇರಿಗೆ ಬಂದು ಹೊಸ ಟಿಪ್ಪಣಿ ಬರೆದೆ. ಮೊದಲ ವಾಕ್ಯ: 'ಹಿಂದಿನ ಟಿಪ್ಪಣಿಯಲ್ಲಿ ನಾನು ಮಂಡಿಸಿದ ಅಭಿಪ್ರಾಯ ತಪ್ಪಾಗಿರುತ್ತದೆ.' ಇಷ್ಟು ವರ್ಷದ ಸೇವೆಯಲ್ಲಿ ಆ ವಾಕ್ಯವನ್ನು ಒಂದೇ ಸಲ ಬರೆದಿದ್ದೇನೆ. ಕಡತ ಬೆಂಗಳೂರಿಗೆ ಹೋಯಿತು, ಎರಡು ಸಲ ಆಕ್ಷೇಪಣೆಯೊಂದಿಗೆ ತಿರುಗಿ ಬಂತು, ಎರಡು ಸಲವೂ ಉತ್ತರ ಬರೆದೆ. ಹನ್ನೊಂದನೆಯ ತಿಂಗಳು ಆದೇಶವಾಯಿತು.

ರೇಣಮ್ಮ ಬಂದಳು. ಎಷ್ಟು ಬರುತ್ತದೆ ಎಂದು ಕೇಳಲಿಲ್ಲ. "ಡ್ಯೂಟಿ ಮ್ಯಾಗ ಇದ್ದ ಅಂತ ಎಲ್ಲಿ ಬರದಾರ್ರಿ? ನಂಗ ಓದಾಕ ಬರಂಗಿಲ್ಲ, ಬಟ್ಟ ಇಟ್ಟು ತೋರ್ಸ್ರಿ," ಅಂದಳು. ತೋರಿಸಿದೆ. ಆ ಅಕ್ಷರಗಳ ಮೇಲೆ ತನ್ನ ಬೆರಳನ್ನೂ ಇಟ್ಟು ಸಾಲಿನ ಕೊನೆಯವರೆಗೆ ಎಳೆದಳು.

"ಇಷ್ಟ್ ದಿನ ಯಾಕ ಆತ್ರಿ ಅಕ್ಕಾರ?"

"ನಾನೇ ತಪ್ಪು ಬರದಿದ್ದೆ, ರೇಣಮ್ಮ."

ಅವಳು ನನ್ನ ಮುಖ ನೋಡಿದಳು. ಕಾಗದ ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು, ಎದ್ದು ಹೋದಳು.

ಇವತ್ತಿನ ಈ ಸಮಾರಂಭಕ್ಕೆ ಅವಳನ್ನೂ ಕರೆದಿದ್ದೆ. ಫೋನಿನಲ್ಲಿ "ನೋಡ್ತೀನ್ರಿ" ಅಂದಿದ್ದಳು. ಮಾತು ಶುರು ಮಾಡಿದಾಗಿನಿಂದ ಬಾಗಿಲ ಕಡೆ ನೋಡುತ್ತಿದ್ದೇನೆ. ಬಂದಿಲ್ಲ. ಬರಬೇಕೆಂಬ ನಿಯಮವೇನೂ ಇಲ್ಲವಲ್ಲ.

ನನ್ನ ಟೇಬಲ್ಲಿಗೆ ನಾಳೆಯಿಂದ ಬರುವ ಸುನೀಲಕುಮಾರ ಅವರಿಗೆ ಕಡತದ ಕಪಾಟಿನ ಬೀಗದ ಕೈ ಕೊಟ್ಟಿದ್ದೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ಎಲ್ಲರಿಗೂ ಶರಣು, ನಮಸ್ಕಾರ.