ಎಂಟನೇ ಪ್ಲೇಟು

ಲೆಟರ್ ಆಮೇಲೆ ಕೊಡುವೆಯಂತೆ, ಮೊದ್ಲು ಕೂತ್ಕೋ ಹೇಮಾ. ಅಲ್ಲ ಕಣೇ, ಈ ತಿಂಗಳ ಕೊನೇಗೆ ನಾನು ರಿಟೈರ್ ಆಗ್ತೀನಿ, ನೀನು ಈಗ ಬಂದು ‘ಎಚ್ಒಡಿ ಕೆಲಸ ನಂಗೆ ಬೇಡ’ ಅಂತ ಟೈಪ್ ಮಾಡ್ಕೊಂಡು ತಂದಿದ್ದೀಯಲ್ಲ... ಇದನ್ನ ಹಿಡ್ಕೊಂಡು ನಾನು ಪ್ರಿನ್ಸಿಪಾಲ್ ಹತ್ರ ಹೆಂಗೆ ಹೋಗ್ಲಿ? ಆ ಫ್ಯಾನ್ ಸ್ವಲ್ಪ ಜೋರು ಮಾಡು. ಬೇಡ ಬಿಡು, ಪೇಪರ್ ಹಾರುತ್ತೆ.

ಯಾಕೆ ನಗ್ತೀಯ? ನಾನು ಹಿಂಗೆ ಕುಂಟ್ಕೊಂಡು ಅತ್ಲಾಗಿತ್ಲಾಗೆ ಓಡಾಡ್ತಿರೋದಕ್ಕಾ? ಡಾಕ್ಟ್ರೇ ನಡೀರಿ ಅಂದಿದ್ದಾರೆ. ಕೂತ್ರೆ ಮಂಡಿ ಹಿಡ್ಕೊಳುತ್ತೆ.

ಈ ಕೆಲಸಕ್ಕೆ ನಿನ್ನ ಹೆಸರು ಬರ್ದಿದ್ದೇ ನಾನು. ದೊಮ್ಮಲೂರಲ್ಲಿ ಲೀಡರ್‌ಶಿಪ್ ಟ್ರೈನಿಂಗ್ ಅಂತ ನಮ್ಮನ್ನೆಲ್ಲ ಐದು ದಿನ ಕೂರಿಸಿದ್ರಲ್ಲ, ಅಲ್ಲಿ ಹೇಳಿದ್ದೇ ಅದು, ನಿಮ್ಮ ಜಾಗಕ್ಕೆ ಒಬ್ಬರನ್ನ ಬೆಳೆಸಿ ಅಂತ. ಬೆಳೆಸ್ಲಿಲ್ವಾ? ಮಂಡಿ ಆಪರೇಷನ್‌ಗೆ ಮೂರು ವಾರ ರಜಾ ಹಾಕ್ದಾಗ ಎಲ್ಲರೆದುರೂ ನಿಂಗೇ ಚಾರ್ಜ್ ಕೊಟ್ಟೆ. ‘ನಂಗೆ ಫೋನ್ ಮಾಡ್ಬೇಡ, ನೀನೇ ನಿರ್ಧಾರ ಮಾಡು’ ಅಂದೆ. ಅಂದಿದ್ದೆ ತಾನೆ? ಮತ್ತೆ?

ಹೌದಮ್ಮ, ಕೆಲ್ಸ ಆಗ್ಲಿಲ್ಲ. ಜಗನ್ ಟೈಮ್‌ಟೇಬಲ್ ಕೊಡ್ಲಿಲ್ಲ, ಸಾಬಿರಾ ಮಾರ್ಕ್ಸ್ ಹಾಕ್ಲಿಲ್ಲ, ಏನ್ ಕೇಳಿದ್ರೂ ‘ಶಾಂತಕುಮಾರಿ ಮೇಡಂ ಬರ್ಲಿ’ ಅಂದ್ರು. ಅಷ್ಟಕ್ಕೇ ನಿನ್ನ ಮಾತು ಯಾರೂ ಕೇಳಲ್ಲ ಅಂತಾನಾ? ಹೊಸಬರಿಗೆ ಎಲ್ಲಾ ಕಡೆ ಹಿಂಗೇ. ನಂಗೂ ಹಿಂಗೇ ಆಗಿತ್ತು. ಇಲ್ಲ, ಸುಳ್ಳು ಯಾಕೆ, ನಂಗೆ ಆಗಿರ್ಲಿಲ್ಲ.

ನಾನು ರಜಾ ಇದ್ದಾಗ ನೀನು ಕರೆದ ಒಂದು ಮೀಟಿಂಗ್‌ಗೆ ಯಾರೂ ಬರ್ಲಿಲ್ಲ ಅಂತ ಇಷ್ಟು ಬೇಜಾರು ಮಾಡ್ಕೊಳ್ತಾರಾ ಯಾರಾದ್ರೂ? ನೀನು ನಿಮ್ಮ ಹೊರಮಾವು ಬೇಕರಿಯಿಂದ ದಿಲ್‌ಪಸಂದ್ ತಂದೆ. ನೀವು ಇರೋದು ಏಳು ಜನ, ಎಂಟು ಪ್ಲೇಟಲ್ಲಿ ಇಟ್ಟೆ. ಮೂರೂ ಮುಕ್ಕಾಲ್‌ವರೆಗೂ ಕಾದು, ಒಂದೊಂದೇ ತುಂಡು ವಾಪಸ್ ಡಬ್ಬಕ್ಕೆ ತುಂಬಿದೆ. ಆಗಿದ್ದು ಆಯ್ತು. ಸೋಮವಾರ ಮತ್ತೆ ಕರೆದ್ರೆ...

ಏನು? ಯಾಕೆ ಹಂಗೆ ನೋಡ್ತಿದ್ದೀಯ?

ಪ್ಲೇಟು, ಡಬ್ಬ ಎಲ್ಲಾ ನಂಗೆ ಹೆಂಗೆ ಗೊತ್ತು ಅಂತಾನಾ? ಯಾರೋ ಹೇಳಿದ್ರು. ಅಟೆಂಡರ್ ಹುಸೇನಪ್ಪ ಹೇಳಿರ್ಬೇಕು. ಅಲ್ಲ... ಅವತ್ತು ಅವರು ರಜಾ ಇದ್ರು, ಹೌದು. ಹಂಗಾದ್ರೆ ಭವ್ಯ... ಭವ್ಯ ಬಂದೇ ಇರ್ಲಿಲ್ಲ. ಯಾರೂ ಬಂದಿರ್ಲಿಲ್ಲ. ನೀನೊಬ್ಳೇ ಇದ್ದೆ ಅಲ್ಲಿ.

ಎದ್ದೇಳ್ಬೇಡ, ಕೂತ್ಕೋ. ಹೇಳ್ತೀನಿ.

ನಾನೇ ಕಾರಿಡಾರ್ ಕಿಟಕಿಯಿಂದ ನೋಡ್ದೆ. ಹಲಸೂರಿಂದ ಆಟೋ ಮಾಡ್ಕೊಂಡು, ವಾಕರ್ ಹಿಡ್ಕೊಂಡು ಬಂದೆ, ಫಿಸಿಯೋಥೆರಪಿಗೆ ಹೋಗ್ತೀನಿ ಅಂತ ಮನೇಲಿ ಹೇಳಿ. ನಾನು ಹೇಳಿದ್ದನ್ನ ಜಗನ್, ಸಾಬಿರಾ ಎಲ್ಲಾ ಕೇಳಿದ್ರಾ ಅಂತ ನೋಡ್ಬೇಕಿತ್ತು. ಆಸ್ಪತ್ರೆಗೆ ಸೇರೋ ಮುಂಚೆ ಒಬ್ಬೊಬ್ಬರಿಗೂ ಫೋನ್ ಮಾಡಿದ್ದೆ ಕಣೇ. ‘ಹೇಮಾ ಏನ್ ಹೇಳಿದ್ರೂ ಹ್ಞೂಂ ಅನ್ನಿ, ನಾನು ಬರೋವರೆಗೂ ಏನೂ ಮಾಡ್ಬೇಡಿ’ ಅಂತ. ಆಮೇಲೆ ಮೀಟಿಂಗ್ ವಿಷಯ ಗೊತ್ತಾದಾಗ ಮತ್ತೆ ಫೋನ್ ಮಾಡಿ, ಅದಕ್ಕೂ ಹೋಗ್ಬೇಡಿ ಅಂದೆ. ಡಿಪಾರ್ಟ್‌ಮೆಂಟಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ದೇ ಇದ್ದೋಳು ನೀನೊಬ್ಳೇ.

ಇಪ್ಪತ್ತೆರಡು ವರ್ಷ ಈ ಖುರ್ಚೀಲಿ ಕೂತಿದ್ದೀನಿ, ಹೇಮಾ. ನಾನಿಲ್ದೇನೂ ಎಲ್ಲಾ ಸಲೀಸಾಗಿ ನಡೆದುಬಿಟ್ರೆ ಅಂತ ಅದೇ ಯೋಚ್ನೆ. ಖಾಲಿ ರೂಮ್ ನೋಡಿ ಖುಷೀನೂ ಆಯ್ತು, ಹೇಳ್ಬಿಡ್ತೀನಿ. ಆಮೇಲೆ ನೋಡಿದ್ರೆ ನೀನು ನನ್ನ ಖುರ್ಚೀಲಿ ಕೂತಿರ್ಲಿಲ್ಲ. ಪಕ್ಕದ ಸ್ಟೂಲ್ ಮೇಲೆ ಕೂತಿದ್ದೆ. ಖುರ್ಚಿ ಮುಂದೆ ಆ ಎಂಟನೇ ಪ್ಲೇಟು. ಒಳಗೆ ಬರ್ಬೇಕಿತ್ತು ನಾನು. ಬರ್ಲಿಲ್ಲ, ವಾಪಸ್ ಹೋದೆ.

ಪೆನ್ ಯಾಕೆ ತೆಗೀತಿದ್ದೀಯ?

ಇನ್ನೂ ಸಹಿ ಹಾಕಿರ್ಲಿಲ್ವಾ ಇದಕ್ಕೆ? ಅಯ್ಯೋ... ಹಂಗಾದ್ರೆ ಇಷ್ಟೊತ್ತೂ ನಾನು ಸಹಿ ಹಾಕ್ಬೇಡ ಅನ್ಲಿ ಅಂತಾನೇ ಕೂತಿದ್ದೆಯಾ ನೀನು? ಬೇಡ ಹೇಮಾ. ಬೇಡ ಕಣೇ. ಹಾಕೇಬಿಟ್ಯಾ? ತಾರೀಖು ಹಾಕೋ ಮುಂಚೆ ಒಂದ್ಸಲ ನನ್ನ ಮುಖ ನೋಡು.