ನನ್ನ ಎಡಗಾಲಿನ ಕ್ರ್ಯಾಂಕ್

ಗುತ್ಯಮ್ಮ ಕೋಂ ಹೂವಪ್ಪ, ವಯಸ್ಸು 54 ವರ್ಷ, ಮನೆಮನೆಗೆ ದಿನಪತ್ರಿಕೆ ಹಾಕುವ ಕೆಲಸ, ವಾಸ ಇಕ್ಕೇರಿ ರಸ್ತೆ, ಸಾಗರ ಟೌನ್. ಈ ದಿನ ಠಾಣೆಗೆ ಕರೆಸಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ತೀರ್ಥಹಳ್ಳಿಯ ನಿರಂಜನ ಎಂಬುವರ ಕಾರಿನ ನಾಲ್ಕೂ ಚಕ್ರದ ಗಾಳಿ ಬಿಟ್ಟವಳು ನಾನೇ. ಬೇರೆ ಯಾರನ್ನೂ ಹುಡುಕುವುದು ಬೇಡ.

ಚಿಕ್ಕಂದಿನಲ್ಲಿ ಪೋಲಿಯೊ ಆಗಿ ನನ್ನ ಎಡಗಾಲು ಬಲಗಾಲಿಗಿಂತ ಒಂದೂವರೆ ಇಂಚು ಗಿಡ್ಡ. ನನ್ನದು ಅಪ್ಪ ಕೊಡಿಸಿದ ಹಳೆಯ ವಿಲಾಯಿತಿ ಲೇಡೀಸ್ ಸೈಕಲ್. ಎಡಗಾಲು ಎಟುಕುತ್ತಿರಲಿಲ್ಲವಾದ್ದರಿಂದ ಆ ಕಡೆಯ ಪೆಡಲ್ ಹಿಡಿದಿರುವ ಕಬ್ಬಿಣದ ತೋಳನ್ನು, ಅಂದರೆ ಕ್ರ್ಯಾಂಕನ್ನು, ಕೆಳದಿಯ ಕಮ್ಮಾರರೊಬ್ಬರು ಕತ್ತರಿಸಿ ಗಿಡ್ಡ ಮಾಡಿ ಬೆಸೆದು ಕೊಟ್ಟಿದ್ದರು. ನೋಡಲು ಚೆಂದವಿಲ್ಲ. ಆದರೆ ಯಾರ ಹಂಗೂ ಇಲ್ಲದೆ ಅದನ್ನೇ ತುಳಿದು ಊರು ಸುತ್ತಿ ಬದುಕಿದ್ದೇನೆ.

ಈ ದಿನ ಭಾನುವಾರ ಬೆಳಿಗ್ಗೆ 10 ಗಂಟೆಗೆ ಶಾಲೆಯ ಮೈದಾನದಲ್ಲಿ ಹಳೆಯ ಸೈಕಲ್‌ಗಳ ಪ್ರದರ್ಶನವಿತ್ತು. ಕರೆದರೆಂದು ನಾನೂ ಒಯ್ದು ನಿಲ್ಲಿಸಿದೆ. ನಿರಂಜನರವರು ತೀರ್ಪುಗಾರರು, ಹಳೇ ಸೈಕಲ್ ಕೂಡಿಡುವವರಂತೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ, ಅವರು ನನ್ನ ಕ್ರ್ಯಾಂಕ್ ಬಿಚ್ಚಿ, ತಾವು ತಂದಿದ್ದ ಅದೇ ಕಂಪನಿಯ ಉದ್ದನೆಯದನ್ನು ಹಾಕಿ, ಪಿನ್ನನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು. ಯಾವನೋ ಕೆಲಸ ಬಾರದವನು ಕೆಡಿಸಿಟ್ಟಿದ್ದನ್ನು ಸರಿಮಾಡಿದ್ದೇನೆ, ಈಗ ಪೂರ್ತಿ ಒರಿಜಿನಲ್ ಆಯಿತು, ದುಡ್ಡೇನೂ ಬೇಡ ಎಂದು ದೊಡ್ಡ ಉಪಕಾರ ಮಾಡಿದವರ ಹಾಗೆ ಹೇಳಿದರು. ನನ್ನ ಸೈಕಲ್ಲಿಗೇ ಮೊದಲ ಬಹುಮಾನ ಎಂದೂ ಹೇಳಿದರು.

ನಾನು ಹತ್ತಿ ತುಳಿದೆ. ಪೆಡಲ್ ಅರ್ಧ ಸುತ್ತು ಬರುವಷ್ಟರಲ್ಲಿ ಎಡಗಾಲು ತಪ್ಪಿ ಅಷ್ಟು ಜನರೆದುರು ಬಿದ್ದೆ. ಮೊಣಕೈ ತರಚಿದ್ದು ದೊಡ್ಡದಲ್ಲ, ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು. ಕಾಲು ತೋರಿಸಿ, ಹಳೆಯದನ್ನೇ ಹಾಕಿಕೊಡಿ, ಬೆಳಗಾದರೆ ಪೇಪರ್ ಹಾಕಬೇಕು ಎಂದು ಕೇಳಿದೆ.

“ಅಯ್ಯೋ, ಗೊತ್ತಾಗ್ಲಿಲ್ಲ ಅಮ್ಮಾ. ಆದ್ರೆ ಆ ತುಂಡು ಹಾಕಿದ್ರೆ ಬಹುಮಾನ ಹೋಗ್ತದೆ, ಬಿಡಿ ಅತ್ಲಾಗೆ” ಎಂದರು.

“ಬಹುಮಾನ ತುಳ್ಕಂಡು ಪೇಪರ್ ಹಾಕಕ್ಕಾಗ್ತದಾ? ನಂದು ನಂಗೆ ಕೊಡಿ ಮಾರಾಯ್ರೆ” ಎಂದೆ.

ಹಳೇ ಸೈಕಲ್ಲಿಗೆ ಜನ ಎಂತೆಂಥ ಅನ್ಯಾಯ ಮಾಡುತ್ತಾರೆಂದು ನಾಲ್ಕು ಕಡೆ ತೋರಿಸಲು ಅದು ತಮಗೆ ಬೇಕು ಎಂದು ಹೇಳಿ, ನನ್ನ ಕ್ರ್ಯಾಂಕನ್ನು ತಮ್ಮ ಕಾರಿನಲ್ಲಿಟ್ಟು ಬೀಗ ಹಾಕಿ, ಭಾಷಣಕ್ಕೆ ವೇದಿಕೆ ಹತ್ತಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಭಾಷಣ ಮುಗಿಯುವಷ್ಟರಲ್ಲಿ ಕಾರು ನೆಲಕ್ಕೆ ಕೂತಿತ್ತು. ಓಡಿಹೋಗದೆ ಅದರ ಪಕ್ಕದಲ್ಲೇ ನಿಂತಿದ್ದೆ.

ಪೊಲೀಸರು ಬಂದು ಕಾರಿನ ಬೀಗ ತೆಗೆಸಿದಾಗ ಕ್ರ್ಯಾಂಕ್ ಸಿಕ್ಕಿತು. ಅದು ಮುದ್ದೆಮಾಲು, ಕೇಸು ಮುಗಿಯುವವರೆಗೆ ಠಾಣೆಯಲ್ಲೇ ಇರಬೇಕು ಎಂದು ಹೆಡ್ ಕಾನ್ಸ್‌ಟೇಬಲ್ ನಾಗೇಂದ್ರರವರು ಹೇಳಿದರು. ಹಾಗಾದರೆ ನಾಳೆಯಿಂದ ಪೇಪರ್ ನೀವೇ ಹಾಕಿ ಬನ್ನಿ ಎಂದು ಹೇಳಿ, ಅದನ್ನು ಮಡಿಲಲ್ಲಿಟ್ಟುಕೊಂಡು ಠಾಣೆಯ ಬೆಂಚಿನ ಮೇಲೆ ಕೂತೆ. ಈ ಹೇಳಿಕೆ ಬರೆಯುವಾಗಲೂ ಅದು ನನ್ನ ಮಡಿಲಲ್ಲೇ ಇದೆ. ಯಾರೂ ಕಿತ್ತುಕೊಂಡಿಲ್ಲ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ಕೊನೆಯಲ್ಲಿ ‘ನನ್ನಿಂದಾದ ತಪ್ಪಿಗೆ ಕ್ಷಮೆ ಕೋರುತ್ತೇನೆ’ ಎಂದು ಸೇರಿಸಿದ್ದರು. ನಾನು ಹಾಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆ ಸಾಲನ್ನು ಹೊಡೆದು ಹಾಕಿಸಿದ್ದೇನೆ. ಉಳಿದದ್ದೆಲ್ಲ ಸತ್ಯ.

ಸ್ಥಳ: ಸಾಗರ
ದಿನಾಂಕ: 16-11-2025
ಸಹಿ: ಗುತ್ಯಮ್ಮ