ಕೆರೆ ದಂಡೆಗೆ ಅಗಲ ದಾರಿ

…ನಗಬೇಡ ಕಣೇ, ಪೂರ್ತಿ ಕೇಳು. ಹೌದು, ಸೈಕಲ್‌ನವರ ಪರವಾಗಿ ಕೈ ಎತ್ತಿದ್ದು ನಾನೇ. ಜೀವಮಾನವೆಲ್ಲಾ ಬಸ್ ಓಡಿಸಿದ ನಾನು, ಸೈಕಲ್ ಕಂಡರೆ ಮೈಯೆಲ್ಲಾ ಉರೀತಿದ್ದ ನಾನು… ನಗು, ನಗು. ಸಭೆಯಲ್ಲೂ ಹೀಗೇ ನಕ್ಕರು.

ನೀನು ಏಳಬೇಡ. ಸೊಂಟದ ಆಪರೇಷನ್ ಆದವಳು, ಕೂತಲ್ಲೇ ಕೂತಿರು. ಟೀ ನಾನೇ ಇಡ್ತೀನಿ. ಅಡುಗೆಮನೆಯಿಂದ ಮಾತಾಡಿದರೆ ಕೇಳ್ಸುತ್ತೆ ತಾನೆ?

ಕೆರೆ ಪಾರ್ಕನ್ನ ಹೊಸದಾಗಿ ಮಾಡ್ತಾರಲ್ಲ, ಅದರ ನಕ್ಷೇನ ಲೈಬ್ರರಿ ಹಾಲ್‌ನಲ್ಲಿ ಗೋಡೆ ತುಂಬಾ ಅಂಟಿಸಿದ್ರು. ಎಂಜಿನಿಯರ್ ಒಬ್ಬಳು ಹುಡುಗಿ, ಚುರುಕು. ನೀರಿನ ಸುತ್ತ ಒಂದೇ ದಾರಿ ಬರೆದಿದಾಳೆ, ಸೈಕಲ್ ಬಿಡಬೇಕಾ ಬೇಡವಾ ನೀವೇ ಹೇಳಿ ಅಂದ್ಲು. ನಮ್ಮ ವಾಕಿಂಗ್ ಗುಂಪಿನವರು ಬೇಡ ಅನ್ನೋದಕ್ಕೇ ನನ್ನನ್ನ ಕಳಿಸಿದ್ದು. ಸೀಟಿ ಮೇಷ್ಟ್ರು ಗೊತ್ತಲ್ಲ? ರಿಟೈರ್ ಆದರೂ ಕೊರಳಲ್ಲಿ ಸೀಟಿ ನೇತಾಡಬೇಕು ಅವರಿಗೆ. ದಾರಿಯುದ್ದಕ್ಕೂ ನನಗೆ ಭಾಷಣ ಬಾಯಿಪಾಠ ಮಾಡಿಸಿದ್ರು.

ನಾನೂ ಜೋರಾಗೇ ಶುರು ಮಾಡಿದೆ. ಕೆರೆ ದಂಡೆ ಇರೋದು ನಡೆಯೋರಿಗೆ ಅಂದೆ. ಚಪ್ಪಾಳೆ. ಅಷ್ಟರಲ್ಲಿ ಹಿಂದಿನ ಸಾಲಲ್ಲಿ ಆ ನರ್ಸ್ ಎದ್ದು ನಿಂತಳು… ನಿನ್ನ ಹೊಲಿಗೆ ಬಿಚ್ಚೋಕೆ ಮನೆಗೆ ಬಂದಿದ್ಲಲ್ಲ, ಅವಳೇ. ಡ್ಯೂಟಿ ಮುಗಿಸಿ ದೊಡ್ಡ ರಸ್ತೆಯಲ್ಲಿ ಹೋದರೆ ಲಾರಿ ಗಾಳಿಗೇ ಸೈಕಲ್ ಓಲಾಡುತ್ತಂತೆ. ಕೆರೆ ದಾರಿ ಹಿಡಿದ ಮೇಲೇ ಉಸಿರು ಬಿಡೋದಂತೆ. ಆಮೇಲೆ ಮೆತ್ತಗೆ ಅಂದ್ಲು, “ಅಣ್ಣಾ, ನೀವು ಬಸ್ಸಿನ ಮೇಲಿಂದ ನಮ್ಮನ್ನ ನೋಡಿದೀರಿ. ನಾವು ಬಸ್ಸನ್ನ ಕೆಳಗಿಂದ ನೋಡಿದೀವಿ.”

ಬಾಯಿಪಾಠ ಎಲ್ಲಾ ಮರೆತುಹೋಯ್ತು ನೋಡು. ನಿಂತೇ ಇದ್ದೆನಲ್ಲ, ಏನಾದರೂ ಹೇಳಲೇಬೇಕು… ಹಾಗಾದರೆ ಎರಡು ದಾರಿ ಮಾಡಿ ಅಂದುಬಿಟ್ಟೆ. ನಡೆಯೋರು ನೀರಿನ ಪಕ್ಕ, ಸೈಕಲ್‌ನವರು ಮರಗಳ ಆಚೆ, ನಡುವೆ ಬೇಲಿಗಿಡ. ಮೇಷ್ಟ್ರು ನನ್ನ ಅಂಗಿ ಹಿಡಿದು ಜಗ್ಗಿದ್ರು, ಯಾರ ಕಡೆಯವರಯ್ಯಾ ನೀವು ಅಂತ. ಎಂಜಿನಿಯರ್ ಹುಡುಗಿ ಜಾಗ ಸಾಲಲ್ಲ ಅಂದ್ಲು. ಗೇಟಿನ ಹತ್ತಿರ ಕಾರು ನಿಲ್ಲಿಸೋ ಜಾಗ ಬಿಟ್ಟುಕೊಟ್ಟರೆ ಮಾತ್ರ ಆಗುತ್ತಂತೆ. ಬಿಡಿ ಅಂದೆ. ಕಾರಿನವರು ನಾಲ್ಕು ಹೆಜ್ಜೆ ನಡೀಲಿ, ಮೈಗೂ ಒಳ್ಳೇದು. ಕೊನೆಗೆ ಕೈ ಎತ್ತಿಸಿದ್ರು, ಪಾಸಾಯ್ತು. ಮೇಷ್ಟ್ರೂ ಅರ್ಧ ಎತ್ತಿದ್ರು, ಕಿವಿ ಕೆರ್ಕೊಳ್ಳೋ ಹಾಗೆ.

ತಗೋ ಟೀ. ಬಿಸಿ ಇದೆ, ನಿಧಾನ.

ಹೂಂ, ಅಲ್ಲಿಗೇ ಬಿಡಲಿಲ್ಲ ನಾನು. ಸೈಕಲ್ ದಾರಿ ಚೆನ್ನಾಗಿ ಅಗಲ ಇರಲಿ, ಗೇಟಲ್ಲಿ ಮೆಟ್ಟಿಲು ಬೇಡ, ಇಳಿಜಾರು ಮಾಡಿ ಅಂದೆ. ದೋಣಿ ಕಟ್ಟೋ ತಿರುವಲ್ಲಿ ದಾರಿ ಸ್ವಲ್ಪ ನೀರಿನ ಕಡೆ ಬಾಗಲಿ, ನೀನು ಕೂರ್ತಿದ್ದ ಆ ಕಲ್ಲುಬೆಂಚಿನ ಹತ್ತಿರಕ್ಕೇ ಬರಲಿ ಅಂತ…

ಯಾಕೆ? ಯಾಕೆ ಹಾಗೆ ನೋಡ್ತೀಯ?

ಅಗಲ ಯಾಕೆ ಅಂದರೆ… ಎದುರಿಂದ ಬರೋರಿಗೂ ಜಾಗ ಬೇಡವಾ? ಮೆಟ್ಟಿಲು… ಹೌದು, ಸೈಕಲ್ಲನ್ನ ಎತ್ತಿ ಇಡಬಹುದು. ಬೆಂಚಿನ ವಿಷಯ ಸುಮ್ಮನೆ ಬಾಯಿಗೆ ಬಂತು. ಬೇರೆ ಏನಿಲ್ಲ ಅಂದೆನಲ್ಲ.

ನಂಬಿಕೆ ಬರಲಿಲ್ವಾ? ಬೈಯಿ ಬೇಕಾದರೆ.

…ಸರಿ ಕಣೇ, ಸರಿ. ಮಗ ತಂದ ಗಾಲಿಕುರ್ಚಿಯನ್ನ ನೀನು ಮೂಲೆಗೆ ತಳ್ಳಿಸಿದೆ. “ನನ್ನನ್ನ ಮೂಟೆ ಹಾಗೆ ತಳ್ಕೊಂಡು ಹೋಗೋದು ಬೇಡ” ಅಂದೆ. ಅವತ್ತಿಂದ ಹೊಸಿಲು ದಾಟಿಲ್ಲ. ಕೆರೆ ಗಿರೆ ಎಲ್ಲಾ ಸಾಕು ಅಂತೀಯ. ಆದರೆ ನಾನು ವಾಕಿಂಗ್ ಮುಗಿಸಿ ಬಂದ ತಕ್ಷಣ ಕೇಳೋದೇನು? ನೀರು ಏರಿತಾ, ಕೊಕ್ಕರೆ ಬಂದ್ವಾ…

ಹಿಂದಿನ ಬೀದಿ ವೆಲ್ಡಿಂಗ್‌ನವನ ಹತ್ತಿರ ಒಂದು ಗಾಡಿ ಮಾಡಿಸ್ತಿದೀನಿ. ಮೂರು ಚಕ್ರ. ಪಕ್ಕ ಪಕ್ಕ ಎರಡು ಸೀಟು. ಡಾಕ್ಟರನ್ನೂ ಕೇಳಿದೆ, ಕಾಲು ಆಡಿದಷ್ಟೂ ಒಳ್ಳೇದು ಅಂದ್ರು. ನಿನ್ನ ಕಡೆಗೂ ಪೆಡಲ್ ಇದೆ. ಯಾರೂ ತಳ್ಳೋದಿಲ್ಲ, ನೀನೂ ತುಳೀಬೇಕು. ನಾನೊಬ್ಬನೇ ತುಳಿದರೆ ನನ್ನ ಮಂಡಿ ಏನಾಗಬೇಕು?

ಬೇಡ ಅಂದರೆ ಬೇಡ ಅನ್ನು, ಅವನಿಗೆ ಹೇಳಿಬಿಡ್ತೀನಿ…

ಇರು, ಗೋಡೆ ಹಿಡ್ಕೊಂಡು ಎಲ್ಲಿಗೆ ಹೊರಟೆ? ಬಾಗಿಲ ಹಿಂದೆ ಏನು ಹುಡುಕ್ತಿದೀಯ… ಚಪ್ಪಲಿಯಾ? ಕೆರೆ ದಾರಿ ಆಗೋದಕ್ಕೆ ಇನ್ನೂ ತಿಂಗಳುಗಟ್ಟಲೆ ಬೇಕು ಕಣೇ.

ಓ… ವೆಲ್ಡಿಂಗ್‌ನವನ ಅಂಗಡಿಗಾ?

ಬಾ, ಕೈ ಕೊಡು. ನಿಧಾನಕ್ಕೆ ಹೋಗೋಣ. ಇನ್ನೂ ಬಣ್ಣ ಹೊಡೆದಿಲ್ಲ ಅವನು, ಯಾವುದು ಅಂತ ನೀನೇ ಹೇಳುವೆಯಂತೆ.